ಹಳೆಯ ಹಾಡು: ಬಳಸುವ ಮುನ್ನ ಓದಿಕೊಳ್ಳಿ

ಪೆಟ್ಟಿಗೆಯಲ್ಲಿ ಇರುವುದು ಇಷ್ಟೇ: ಮೂರೂವರೆ ನಿಮಿಷದ ಒಂದು ಸಿನಿಮಾ ಹಾಡು, ಇಲ್ಲವೇ ಅಜ್ಜಿ ತಾಳ ತಪ್ಪಿಸಿ ಹಾಡುತ್ತಿದ್ದ ಒಂದು ದೇವರನಾಮ. ಕರೆಂಟು ಬೇಕಿಲ್ಲ. ಹಚ್ಚುವ ಗುಂಡಿ ಇಲ್ಲ, ಆರಿಸುವ ಗುಂಡಿಯಂತೂ ಇಲ್ಲವೇ ಇಲ್ಲ.

ಜೋಡಿಸುವ ಕ್ರಮ: ಹಾಡುವವರು ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. ಮಿಕ್ಕಿದ್ದು ತಾನಾಗಿ ಕೂಡಿಕೊಳ್ಳುತ್ತದೆ. ಕಾಳಿದಾಸನಿಗೆ ಈ ಗುಟ್ಟು ತಿಳಿದಿತ್ತು. ಶಾಕುಂತಲದ ಐದನೆಯ ಅಂಕದಲ್ಲಿ ಹಂಸಪದಿಕೆ ಹಾಡುವುದು ತೆರೆಯ ಹಿಂದೆ. ದುಷ್ಯಂತ ಅದನ್ನು ತನಗೆ ಬಂದ ಮೂದಲಿಕೆ ಎಂದುಕೊಂಡು ವಿದೂಷಕನನ್ನು ಅವಳ ಬಳಿಗೆ ಅಟ್ಟುತ್ತಾನೆ. ಆಮೇಲೆ, ಯಾರನ್ನೂ ಅಗಲಿರದ ತನಗೆ ಈ ಕಳವಳ ಏಕೆಂದು ತಬ್ಬಿಬ್ಬಾಗಿ, ಜನ್ಮಾಂತರದ ನಂಟಿರಬೇಕು ಅನ್ನುತ್ತಾನೆ. ಜನ್ಮಾಂತರ ಎಲ್ಲಿಯದು, ಹೆಂಡತಿ ಆಗಲೇ ಅರಮನೆಯ ಬಾಗಿಲ ಹತ್ತಿರ ಬಂದಾಯಿತು! ನೆನಪು ಮರಳಲು ಉಂಗುರವೇ ಸಿಗಬೇಕಾಯಿತು. ಗ್ರಾಹಕರು ಗಮನಿಸತಕ್ಕದ್ದು: ಈ ಉಪಕರಣ ಸಂಕಟವನ್ನು ಮೊದಲು ತಲುಪಿಸುತ್ತದೆ, ವಿಳಾಸವನ್ನು ಆಮೇಲೆ.

ದನಿಯ ಮೂಲ ಹುಡುಕಿಕೊಂಡು ಹೋಗಬೇಡಿ. ಜನ್ನನ ‘ಯಶೋಧರ ಚರಿತೆ’ಯ (1209) ಅಮೃತಮತಿ ಗಂಡನ ಮಗ್ಗುಲಲ್ಲೇ ಮಲಗಿ, ಕತ್ತಲಲ್ಲಿ ಕೇಳಿಬಂದ ಮಾವುತನ ಹಾಡಿಗೆ ಸೋತಳು. ನೋಡಿಬಂದ ದೂತಿ ಅವನ ಕುರೂಪವನ್ನು ವರ್ಣಿಸಿ ಹೇಸಿದರೂ ರಾಣಿಯ ಕಿವಿ ಒಪ್ಪಲಿಲ್ಲ. ಇಂಥ ಪ್ರಕರಣಗಳಿಗೆ ತಯಾರಕರು ಹೊಣೆಗಾರರಲ್ಲ.

ಇನ್ನೊಂದು ಮಾತು. ಕೇಳಿದವರಿಗಿಂತ ಪಕ್ಕದಲ್ಲಿ ನಿಂತವರಿಗೆ ಪೆಟ್ಟು ಜಾಸ್ತಿ. ಜೇಮ್ಸ್ ಜಾಯ್ಸ್‌ನ ‘ಡಬ್ಲಿನರ್ಸ್’ (1914) ಸಂಕಲನದ ಕೊನೆಯ ಕತೆ ‘ದಿ ಡೆಡ್’ನಲ್ಲಿ ಔತಣ ಮುಗಿದಿದೆ. ಶೀತದಿಂದ ಗಂಟಲು ಕಟ್ಟಿದ ಗಾಯಕನೊಬ್ಬ ಮೇಲೆಲ್ಲೋ ಕೋಣೆಯೊಳಗೆ ಹಳೆಯ ಐರಿಷ್ ಹಾಡೊಂದನ್ನು ಹಾಡುತ್ತಿದ್ದಾನೆ. ಮೆಟ್ಟಿಲ ಮೇಲೆ ಅಲ್ಲಾಡದೆ ನಿಂತು ಕೇಳುತ್ತಿರುವ ಹೆಂಡತಿಯನ್ನು ಕೆಳಗಿನಿಂದ ನೋಡುತ್ತ ಗೇಬ್ರಿಯಲ್, ತಾನು ಚಿತ್ರಕಾರನಾಗಿದ್ದರೆ ಬರೆದುಬಿಡುತ್ತಿದ್ದೆ ಅಂದುಕೊಳ್ಳುತ್ತಾನೆ. ಪಾಪ. ಹೋಟೆಲ್ ಕೋಣೆ ಸೇರಿದ ಮೇಲೆ ತಿಳಿಯುತ್ತದೆ, ಆ ಹಾಡು ಹದಿನೇಳಕ್ಕೇ ತೀರಿಹೋದ ಮೈಕೆಲ್ ಫ್ಯೂರಿ ಎಂಬ ಹುಡುಗ ಹಾಡುತ್ತಿದ್ದದ್ದು. ಆಕೆ ಅತ್ತು ನಿದ್ದೆಹೋಗುತ್ತಾಳೆ. ಗಂಡ ಮಾತ್ರ ಅವಳ ಬದುಕಿನಲ್ಲಿ ತನ್ನ ಪಾಲು ಎಷ್ಟು ಸಣ್ಣದೆಂದು ಲೆಕ್ಕ ಹಾಕುತ್ತ ಎಚ್ಚರವಾಗಿರುತ್ತಾನೆ.

ಕೆಟ್ಟುಹೋದರೆ ರಿಪೇರಿ ಮಾಡಲು ಹೋಗಬೇಡಿ, ನಾನು ಹೋಗಿದ್ದೆ. ಹಿಂದಿನ ಬೀದಿಯ ಯಾರದೋ ರೇಡಿಯೋದಲ್ಲಿ ಒಂದು ಸಂಜೆ ಪಿ.ಬಿ. ಶ್ರೀನಿವಾಸ್ ದನಿ. ಅಮ್ಮನ ಕೈಯ ಒಗ್ಗರಣೆ ಸೌಟು ಹಾಗೇ ನಿಂತಿತು. ಸಾಸಿವೆ ಸಿಡಿದು ಸೀದುಹೋದರೂ ಕರಿಬೇವು ಬೀಳಲಿಲ್ಲ.

‘ಏನಾಯ್ತಮ್ಮಾ?’

‘ಏನಿಲ್ಲ, ಘಾಟು’ ಅಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರುದಿನ ಅದೇ ಹಾಡನ್ನು ಮೊಬೈಲಿನಲ್ಲಿ ಹುಡುಕಿ, ಅವಳ ಎದುರೇ ಕೂತು, ಮುಖ ನೋಡುತ್ತ ಹಾಕಿದೆ. ಪಲ್ಲವಿ ಮುಗಿಯುವ ತನಕ ಸುಮ್ಮನಿದ್ದಳು.

‘ಸೌಂಡ್ ಸ್ವಲ್ಪ ಕಮ್ಮಿ ಮಾಡೋ. ಕುಕ್ಕರ್ ಎಷ್ಟು ಸಲ ಕೂಗಿತೋ ಲೆಕ್ಕ ತಪ್ಪಿಹೋಯ್ತು.’