ಕೇಶಮೀಮಾಂಸೆ: ಶಿಕಾರಿಪುರ–ಸೊರಬ ಪರಿಸರದ ಬಚ್ಚಲುಮನೆ ಸಂಕಥನದೊಂದಿಗೆ ಒಂದು ತಾತ್ವಿಕ ಮುಖಾಮುಖಿ

ಸಾರಲೇಖ

ಪ್ರಸ್ತುತ ಪ್ರಬಂಧವು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಬಚ್ಚಲು, ಜಗುಲಿ ಹಾಗೂ ಹಿತ್ತಿಲುಗಳಲ್ಲಿ ಜರುಗುವ ಕೇಶ ಪರಿಚರ್ಯೆ, ಕೇಶಾಲಂಕರಣ ಮತ್ತು ಕೇಶ ವರ್ಣಲೇಪನಗಳನ್ನು ದೇಸಿ ಜ್ಞಾನಮೀಮಾಂಸೆಯ ನೆಲೆಯಲ್ಲಿ, ವಸಾಹತೋತ್ತರ ಪರಿಪ್ರೇಕ್ಷ್ಯದಲ್ಲಿ, ಸ್ಥಳೀಯತೆ–ಜಾಗತೀಕರಣಗಳ ದ್ವಂದ್ವಾತ್ಮಕ ಸಂಬಂಧದ ಹಿನ್ನೆಲೆಯಲ್ಲಿ ಅನುಸಂಧಾನಕ್ಕೆ ಒಳಪಡಿಸುತ್ತದೆ. ಅಂದರೆ ಈ ಕಡೆಯ ಜನ ಮನೆಯಲ್ಲಿ ತಲೆಗೆ ಏನು ಹಚ್ಚಿಕೊಳ್ಳುತ್ತಾರೆ ಎಂದು ನೋಡುತ್ತದೆ. ಹೀಗೆ ಬರೆದರೆ ಅಂಕ ಸಿಗುವುದಿಲ್ಲವಾದ್ದರಿಂದ ಮೊದಲಿನ ವಾಕ್ಯವನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.

ಪ್ರೇರಣೆ

ಅಧ್ಯಾಪಕರ ಬಡ್ತಿಗೆ ಯುಜಿಸಿ 2010ರಲ್ಲಿ ಎಪಿಐ ಎಂಬ ಅಂಕಪದ್ಧತಿಯನ್ನು ತಂದಿತು. ಅಂದಿನಿಂದ ರಾಷ್ಟ್ರೀಯ ವಿಚಾರ ಸಂಕಿರಣ ನಡೆಯದ ಊರು ನಮ್ಮ ಕಡೆ ಹುಡುಕಿದರೂ ಸಿಗುವುದಿಲ್ಲ. ಅಂಥದ್ದೊಂದರಲ್ಲಿ ನಾನೂ ಕೂತಿದ್ದೆ. ಸೆಣಬಿನ ಚೀಲ, ಬರೆಯದ ಪೆನ್ನು, ಊಟಕ್ಕೆ ಮೊದಲೇ ಕೈಗೆ ಬಂದ ಪ್ರಮಾಣಪತ್ರ ಎಲ್ಲವೂ ಕ್ರಮಬದ್ಧವಾಗಿದ್ದವು. ದಿಕ್ಸೂಚಿ ಭಾಷಣಕಾರರು ‘ನಮ್ಮ ಅಜ್ಜಿಯಂದಿರ ಸೀಗೆಕಾಯಿಯು ಪಶ್ಚಿಮದ ಜ್ಞಾನ ಯಜಮಾನಿಕೆಗೆ ಒಡ್ಡಿದ ಪ್ರತಿರೋಧ’ ಎಂಬ ವಿಷಯದ ಮೇಲೆ ಒಂದೂವರೆ ಗಂಟೆ ಮಾತಾಡಿದರು. ಮುಂದಿನ ಸಾಲಿನಲ್ಲಿದ್ದ ನಿಜವಾದ ಅಜ್ಜಿಯೊಬ್ಬರು ಅಷ್ಟರಲ್ಲಿ ನಿದ್ದೆ ಹೋಗಿ, ಎದ್ದು, ಮತ್ತೆ ನಿದ್ದೆ ಹೋದರು. ಪ್ರತಿರೋಧ ಎಂಬ ಪದಕ್ಕೆ ನಾನು ಕಂಡ ಅತ್ಯುತ್ತಮ ನಿದರ್ಶನ ಅದು.

ಪೂರ್ವಾಧ್ಯಯನಗಳ ಸಮೀಕ್ಷೆ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇಗುಲದ ಎದುರು, ಕದಂಬರ ಸ್ತಂಭಶಾಸನವಿದೆ. ಮಯೂರಶರ್ಮ ಕಂಚಿಯ ಘಟಿಕೆಗೆ ಓದಲು ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾದದ್ದು, ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದು ಎಲ್ಲವೂ ಅದರಲ್ಲಿ ಬಂದಿದೆ. ಅವನ ತಲೆಗೆ ಯಾವ ಎಣ್ಣೆ ಹಾಕುತ್ತಿದ್ದರು ಎಂಬುದು ಮಾತ್ರ ಬಂದಿಲ್ಲ. ಸಾಮಾನ್ಯ ಜನ ಇದನ್ನು ‘ಇಲ್ಲ’ ಎನ್ನುತ್ತಾರೆ. ಸಂಶೋಧಕರು ‘ಅರ್ಥಗರ್ಭಿತ ಮೌನ’ ಎನ್ನುತ್ತಾರೆ. ಈ ಮೌನದ ಮೇಲೆ ಕನಿಷ್ಠ ಇಬ್ಬರಿಗೆ ಪಿಎಚ್.ಡಿ. ಆಗಬಹುದು.

ಸೊರಬ ತಾಲ್ಲೂಕಿನಲ್ಲಿ ಜಡೆ ಎಂಬ ಊರೇ ಇದೆ. ಅದರ ಮೇಲೆ ಸ್ಥಳನಾಮ ವಿದ್ವಾಂಸರು ಏನೇನು ಮಾಡಬಲ್ಲರು ಎಂದು ಬಲ್ಲೆನಾದ್ದರಿಂದ ಊರಿನವರ ಕ್ಷೇಮಕ್ಕಾಗಿ ಮುಂದೆ ಹೋಗುತ್ತೇನೆ. ಹಾಗೆಯೇ, ಸೊರಬದ ಕುಬಟೂರಿನ ಬಂಗಾರಪ್ಪನವರನ್ನೂ ಶಿಕಾರಿಪುರದಿಂದ ಗೆದ್ದ ಯಡಿಯೂರಪ್ಪನವರನ್ನೂ ಮುಖ್ಯಮಂತ್ರಿಗಳನ್ನಾಗಿ ನಾಡಿಗೆ ಕೊಟ್ಟ ತಾಲ್ಲೂಕುಗಳಿವು. ಅವರ ತಲೆಗೂದಲು ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ. ಪ್ರಬಂಧಕಾರನು ಇದೇ ಸೀಮೆಯಲ್ಲಿ ಬಾಳಬೇಕಾಗಿದೆ.

ವಿದ್ವತ್ತನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಹೇಳುವುದಾದರೆ, ಕೂದಲಿನ ಬಗ್ಗೆ ಕನ್ನಡದಲ್ಲಿ ನಡೆದ ಅತಿ ದೊಡ್ಡ ವಾಗ್ವಾದ ಶಿಕಾರಿಪುರ ತಾಲ್ಲೂಕಿನ ಇಬ್ಬರದೇ. ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕ. ಹತ್ತಿರದ ಊರಿನವರು, ಎದುರುಬದುರಾದದ್ದು ದೂರದ ಕಲ್ಯಾಣದಲ್ಲಿ. ಬಟ್ಟೆ ಬಿಸುಟು ಬಂದವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎಂದು ಅಲ್ಲಮ ಕೇಳಿದ್ದನ್ನೂ, ನೋಡುವ ನಿಮಗೆ ನೋವಾಗದಿರಲೆಂದು ಎಂಬರ್ಥದಲ್ಲಿ ಅಕ್ಕ ಉತ್ತರ ಕೊಟ್ಟಿದ್ದನ್ನೂ ಶೂನ್ಯಸಂಪಾದನೆ ಹೇಳುತ್ತದೆ. ಕೂದಲು ಅವಳದು, ತೊಂದರೆ ನೋಡುವವರದು. ಇದೊಂದು ಮಾತನ್ನು ಓದುಗರು ಕೈಯಲ್ಲಿ ಹಿಡಿದುಕೊಂಡಿರಬೇಕು.

ವರ್ಗೀಕರಣ

ಗೃಹಕೇಶ ಕ್ರಿಯೆಗಳನ್ನು ಸ್ಥೂಲವಾಗಿ ಏಳು ವರ್ಗಗಳಾಗಿ ವಿಂಗಡಿಸಲಾಗಿದೆ.

1. ತೈಲಾತ್ಮಕ. ತೆಂಗಿನೆಣ್ಣೆಗೆ ಗರಗದ ಸೊಪ್ಪು, ಒಂದೆಲಗ, ಕರಿಬೇವು, ದಾಸವಾಳದ ಹೂ, ಒಂದು ಮುಷ್ಟಿ ಮೆಂತ್ಯ ಹಾಕಿ ಸಣ್ಣ ಉರಿಯಲ್ಲಿ ಕಾಯಿಸುವ ಪ್ರಕ್ರಿಯೆಯನ್ನು ‘ಸಸ್ಯ–ಸ್ನೇಹ ಅಂತರ್‌ಪಠ್ಯೀಯತೆ’ ಎನ್ನಬಹುದು. ಇಳಿಸುವ ಹೊತ್ತು ಯಾವುದು ಎಂದು ವಕ್ತೃ-3 ಅವರನ್ನು (ಹೆಣ್ಣು, ಸೊರಬ ತಾಲ್ಲೂಕು, ವಯಸ್ಸು ‘ಎಂಬತ್ತರ ಮೇಲೆ ಎಣಿಸಿಲ್ಲ’) ಕೇಳಲಾಯಿತು. “ಚಟಪಟ ನಿಲ್ಲಬೇಕು. ಸೊಪ್ಪು ಕೈಯಲ್ಲಿ ತಿಕ್ಕಿದರೆ ಪುಡಿಯಾಗಬೇಕು. ನೀರು ಉಳಿತೋ, ತಿಂಗಳಿಗೆಲ್ಲ ಎಣ್ಣೆ ಕಮಟು” ಎಂದರು. ಎರಡು ದಿನದ ಸಂಕಿರಣದಲ್ಲಿ ಇಷ್ಟು ಖಚಿತವಾದ ವಾಕ್ಯ ಒಂದೂ ಬರಲಿಲ್ಲ. ತೆಂಗಿನೆಣ್ಣೆ ಕೂದಲೆಳೆಯ ಒಳಗಿಳಿದು, ತೊಳೆಯುವಾಗ ಅದರ ಪ್ರೋಟೀನು ಸೋರಿಹೋಗುವುದನ್ನು ತಗ್ಗಿಸುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡದ್ದು. ಬೋಳು ನೆತ್ತಿಯಲ್ಲಿ ಕೂದಲು ಹುಟ್ಟಿಸುತ್ತದೆ ಎಂಬುದಕ್ಕೆ ಮಾತ್ರ ಬಾಟಲಿಯ ಮೇಲಿನ ಚಿತ್ರವೇ ಆಧಾರ.

2. ಫೇನಾತ್ಮಕ, ಅಂದರೆ ನೊರೆ ಬರುವಂಥದ್ದು. ಸೀಗೆ, ಅಂಟುವಾಳ, ದಾಸವಾಳ ಸೊಪ್ಪಿನ ಗೊಂಪು. ಸೀಗೆ–ಅಂಟುವಾಳಗಳಲ್ಲಿರುವ ಸಪೋನಿನ್ ನೊರೆ ಕೊಟ್ಟು ಜಿಡ್ಡು ತೆಗೆಯುತ್ತದೆ; ದಾಸವಾಳದ ಲೋಳೆ ಎಳೆಗಳನ್ನು ನುಣುಪಾಗಿಸುತ್ತದೆ. 1980ರ ದಶಕದಲ್ಲಿ ತಮಿಳುನಾಡಿನ ಕಡಲೂರಿನ ಕಡೆಯಿಂದ ಹೊರಟ ಶಾಂಪೂ ಸ್ಯಾಶೆ ಇಲ್ಲಿಯ ಅಂಗಡಿಗಳಲ್ಲೂ ಸರ ಸರವಾಗಿ ನೇತುಬಿದ್ದಿತು. ‘ದೇಸಿಯ ಮೇಲೆ ಮಾರುಕಟ್ಟೆಯ ಆಕ್ರಮಣ’ ಎಂದು ಸಂಕಿರಣದ ವೇದಿಕೆಯ ಮೇಲಿದ್ದವರು ನಿಟ್ಟುಸಿರಿಟ್ಟರು. ಆಕ್ರಮಣಕ್ಕೆ ಒಳಗಾದವರನ್ನು ಕೇಳಿದೆ. “ಆರು ಹೆಣ್ಣುಮಕ್ಕಳ ತಲೆ ಮಾರಾಯಾ. ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸೋದು, ಹಸಿ ಸೌದೆ ಊದೋದು, ಸೀಗೆ ಕುಟ್ಟೋದು, ಜರಡಿ ಹಿಡಿಯೋದು, ಆಮೇಲೆ ಒಬ್ಬೊಬ್ಬರ ಕೂದಲಲ್ಲೂ ಸೀಗೆ ಹೊಟ್ಟು ಆರಿಸೋದು. ಶನಿವಾರ ಬಂತು ಅಂದ್ರೆ ನನಗೆ ಜ್ವರ. ಆ ಪ್ಯಾಕೆಟ್ ಬಂದ ದಿನ ನಾನು ದೇವರಿಗೆ ಕಾಯಿ ಒಡೆಸಿದ್ದೆ. ಸೀಗೆಪುಡಿ ಕಣ್ಣಿಗೆ ಬಿದ್ದವರು ಯಾರೂ ಅದನ್ನ ಹೊಗಳಲ್ಲ.” ದೇಸಿ ಜ್ಞಾನದ ಗ್ರಂಥಗಳಲ್ಲಿ ಸೀಗೆಗೆ ಒಂದು ಅಧ್ಯಾಯವಿರುತ್ತದೆ, ನೀರು ಸೇದಿದವಳ ಭುಜಕ್ಕೆ ಅಡಿಟಿಪ್ಪಣಿಯೂ ಇರುವುದಿಲ್ಲ.

3. ವರ್ಣಾತ್ಮಕ. ಇದರಲ್ಲಿ ಎರಡು ಪಂಥಗಳು. ಮದರಂಗಿ ಪಂಥದವರು ಸೊಪ್ಪಿನ ಪುಡಿಯನ್ನು ಚಹಾ ಡಿಕಾಕ್ಷನ್ನಿನಲ್ಲಿ ಕಲಸಿ ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯಿಡೀ ಬಿಡುತ್ತಾರೆ. ಮದರಂಗಿಯ ಲಾಸೋನ್ ಎಂಬ ಬಣ್ಣ ಕೂದಲಿನ ಕೆರಾಟಿನ್‌ಗೆ ಅಂಟಿಕೊಳ್ಳುತ್ತದೆ. ಬಿಳಿಗೂದಲು ಅದರಿಂದ ಕಿತ್ತಳೆಗೆಂಪಾಗುತ್ತದೆಯೇ ಹೊರತು ಕಪ್ಪಾಗುವುದಿಲ್ಲ. ಕಪ್ಪು ಬೇಕಿದ್ದರೆ ಅದರ ಮೇಲೆ ನೀಲಿಸೊಪ್ಪಿನ ಪುಡಿ ಹಚ್ಚಬೇಕು. ಅಷ್ಟು ತಾಳ್ಮೆ ಇಲ್ಲದವರು ಎರಡನೆಯ ಪಂಥ, ಅಂದರೆ ಅಂಗಡಿಯ ಕಪ್ಪು ಡೈಯವರು. ಅದು ಕಪ್ಪಾಗುವುದು ಬಹುಮಟ್ಟಿಗೆ ಪಿಪಿಡಿ ಎಂಬ ರಾಸಾಯನಿಕದಿಂದ. ಹಚ್ಚುವ 48 ಗಂಟೆ ಮೊದಲು ಕಿವಿಯ ಹಿಂದೆಯೋ ಮೊಣಕೈಯ ಒಳಬದಿಗೋ ತುಸು ಹಚ್ಚಿ ನೋಡಿ ಎಂದು ಪೊಟ್ಟಣದ ಚೀಟಿಯಲ್ಲಿ ಸಾಸಿವೆಯಷ್ಟು ಅಕ್ಷರದಲ್ಲಿ ಬರೆದಿರುತ್ತದೆ. ಮದುವೆಯ ಹಿಂದಿನ ರಾತ್ರಿ ಹತ್ತು ಗಂಟೆಗೆ ಪೊಟ್ಟಣ ಒಡೆಯುವ ಸೋದರಮಾವನಿಗೆ 48 ಗಂಟೆ ಎಲ್ಲಿಂದ ಬರಬೇಕು? ಅಲರ್ಜಿ ಇದ್ದವರ ಹಣೆ, ರೆಪ್ಪೆಗಳು ಧಾರೆಯ ಹೊತ್ತಿಗೆ ಊದಿರುತ್ತವೆ.

ಇಲ್ಲಿ ಪ್ರಬಂಧಕಾರನು ಜ್ಞಾನಲೋಕಕ್ಕೆ ತನ್ನ ಮೂಲ ಕೊಡುಗೆಯನ್ನು ಸಲ್ಲಿಸಬಯಸುತ್ತಾನೆ. ಇದನ್ನು ‘ಕೇಶ ಕಾಲಗಣನಾ ಪದ್ಧತಿ’ ಎಂದು ಕರೆಯಲಾಗಿದೆ. ತಲೆಗೂದಲು ತಿಂಗಳಿಗೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಆದ್ದರಿಂದ ಡೈ ಹಚ್ಚಿದ ತಲೆಯ ಬುಡದಲ್ಲಿ ಕಾಣುವ ಬಿಳಿಯನ್ನು ಅಳೆದರೆ ಹಚ್ಚಿದ ದಿನವನ್ನು ಶಾಸನದ ತೇದಿಯಷ್ಟೇ ಭದ್ರವಾಗಿ ನಿರ್ಣಯಿಸಬಹುದು. ಆ ವೇದಿಕೆಯ ಮೇಲೆ ಕೂತ ದೇಸಿವಾದಿಗಳೆಲ್ಲರ ತಲೆಯೂ ಕಾಡಿಗೆಗಪ್ಪು. ದಿಕ್ಸೂಚಿ ಭಾಷಣಕಾರರ ಕಿವಿಯ ಮೇಲೆ ಅರ್ಧ ಸೆಂಟಿಮೀಟರ್ ಬಿಳಿ ಕಾಣುತ್ತಿತ್ತು. ಲೆಕ್ಕ ಹಾಕಿದರೆ ಹದಿನೈದು ದಿನ, ಅಂದರೆ ಹಿಂದಿನ ಸಂಕಿರಣ. ಸೀಗೆಕಾಯಿಯ ಪ್ರತಿರೋಧ ಪಶ್ಚಿಮವನ್ನು ತಲುಪಿದೆಯೋ ಇಲ್ಲವೋ, ಭಾಷಣಕಾರರ ಸ್ವಂತ ಬಚ್ಚಲನ್ನಂತೂ ತಲುಪಿರಲಿಲ್ಲ.

4. ಗ್ರಂಥನಾತ್ಮಕ. ಎರಡು ಜಡೆ, ಕೆಂಪು ರಿಬ್ಬನ್ನು, ಚೌರಿ, ಕುಚ್ಚು, ಮೊಗ್ಗಿನ ಜಡೆ. ಎಲ್ಲರಿಗೂ ಗೊತ್ತಿರುವುದೇ.

5. ಇದು ಏನೆಂದು ಮರೆತಿದ್ದೇನೆ. ಆರು ಮತ್ತು ಏಳು ಮೊದಲಿನಿಂದಲೂ ಇರಲಿಲ್ಲ. ಏಳು ಎಂದರೆ ಶಾಸ್ತ್ರೀಯವಾಗಿ ಕೇಳುತ್ತದೆ ಎಂದು ಹಾಕಿದ್ದೆ.

ಅಧ್ಯಯನದ ಮಿತಿಗಳು

ಮನೆಯಲ್ಲೇ ನಡೆಯುತ್ತಿದ್ದ ಕೂದಲಿನ ಕೆಲಸ ಇನ್ನೊಂದಿತ್ತು. ಸಂಕಿರಣದ ಆ ಎರಡು ದಿನಗಳಲ್ಲಿ ಯಾರೂ ಅದರ ಹೆಸರೆತ್ತಲಿಲ್ಲ. ಅದಕ್ಕೆ ಬೇಕಾದದ್ದು ತಣ್ಣೀರು, ಒಂದು ಮಣೆ, ಕತ್ತಿ. ಜಾಗ ಹಿತ್ತಿಲು, ಕೊಟ್ಟಿಗೆಯ ಮಗ್ಗುಲು. ಹೊತ್ತು, ಊರು ಏಳುವ ಮೊದಲು. ಮಲೆನಾಡಿನ ಬ್ರಾಹ್ಮಣರ ಮನೆಗಳಲ್ಲಿ ಗಂಡ ಸತ್ತವಳ ತಲೆ ಬೋಳಿಸುತ್ತಿದ್ದದ್ದು ಹೀಗೆ. ಒಮ್ಮೆ ಬೋಳಿಸಿದರೆ ಮುಗಿಯುವುದಿಲ್ಲ. ಕೂದಲಿಗೆ ಬುದ್ಧಿಯಿಲ್ಲ, ಮತ್ತೆ ಬೆಳೆಯುತ್ತದೆ. ಸಾಯುವವರೆಗೂ ಮತ್ತೆ ಮತ್ತೆ ಆ ಮಣೆಯ ಮೇಲೆ ತಲೆ ಬಗ್ಗಿಸಿ ಕೂರಬೇಕು. ಕ್ಷೌರ ಮಾಡುವವನಿಗೂ ಮುಂಬಾಗಿಲಿನಿಂದ ಪ್ರವೇಶವಿರಲಿಲ್ಲ. ಅವಮಾನ ಮಾಡುವ ಕೆಲಸಕ್ಕೂ ಅವಮಾನಿತನನ್ನೇ ಕರೆಸುತ್ತಿದ್ದರು. ಬಾಲವಿಧವೆಯರನ್ನೂ ಬಿಡಲಿಲ್ಲ. ತೀರ್ಥಹಳ್ಳಿಯ ಎಂ.ಕೆ. ಇಂದಿರಾ 1976ರಲ್ಲಿ ‘ಫಣಿಯಮ್ಮ’ ಬರೆದರು. ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು. ಬಾಲವಿಧವೆಯಾಗಿ ಬದುಕು ಸವೆಸಿದ ಫಣಿಯಮ್ಮ, ತಲೆ ಕೊಡಲು ಒಪ್ಪದ ಎಳೆಯ ವಿಧವೆಯೊಬ್ಬಳ ಪರವಾಗಿ ನಿಲ್ಲುತ್ತಾಳೆ. ದೇಸಿ ಜ್ಞಾನ ಎಂದು ಕರೆಯಬಹುದಾದದ್ದು ಅಲ್ಲಿದೆ.

ಯಾಕೆ ಬೋಳಿಸಬೇಕಿತ್ತು? ನೋಡುವವರಿಗೆ ಆಸೆ ಹುಟ್ಟಬಾರದು ಎಂದು. ಬೋಳಿಸಿದ ಮೇಲೆ ಅವಳು ಎದುರು ಬರಬಾರದು, ಯಾಕೆ? ನೋಡುವವರಿಗೆ ಅಪಶಕುನ. ಇದ್ದರೂ ನೋಡುವವರ ಪಾಡು, ಹೋದರೂ ನೋಡುವವರ ಪಾಡು! ಆ ತಲೆಯ ಹೆಸರಿನಲ್ಲೇ ನಾವೊಂದು ಬೈಗುಳ ಮಾಡಿಕೊಂಡಿದ್ದೇವೆ. ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ಕಿಟಕಿ ಸೀಟಿಗಾಗಿ ಜಗಳ ಬಿದ್ದರೆ ಮೊದಲು ಬಾಯಿಗೆ ಬರುವುದು ಅದೇ. ಬೈಯುವವನಿಗೂ ಬೈಸಿಕೊಳ್ಳುವವನಿಗೂ ತಾವು ಯಾರ ತಲೆಯ ಮಾತಾಡುತ್ತಿದ್ದೇವೆಂದು ಗೊತ್ತಿರುವುದಿಲ್ಲ.

ಇನ್ನೂ ಬಡಗಣಕ್ಕೆ ಹೋದರೆ ಎಣ್ಣೆ–ಹಣಿಗೆ ಕಾಣದೆ ಗಂಟುಗಟ್ಟಿದ ಬಡ ಹುಡುಗಿಯ ಕೂದಲನ್ನು ಎಲ್ಲಮ್ಮನ ಜಟೆ ಎಂದು ಹೇಳಿ ಅವಳನ್ನೇ ದೇವರಿಗೆ ಬಿಡುತ್ತಿದ್ದರು. ದೇವದಾಸಿ ಬಿಡುವುದನ್ನು ತಡೆಯಲು 1982ರಲ್ಲಿ ರಾಜ್ಯ ಕಾಯ್ದೆ ಮಾಡಬೇಕಾಯಿತು. ಒಂದು ಹನಿ ಎಣ್ಣೆ, ಒಂದು ಹಣಿಗೆ, ಪಕ್ಕದಲ್ಲಿ ಕೂತು ಸಿಕ್ಕು ಬಿಡಿಸುವ ಒಂದು ಕೈ ಇದ್ದಿದ್ದರೆ ಆಗುತ್ತಿತ್ತಲ್ಲ! ‘ಕೇಶ ಪರಿಚರ್ಯೆಯ ಸಾಂಸ್ಕೃತಿಕ ಅನನ್ಯತೆ’ ಎನ್ನುವ ಮಹನೀಯರು ಈ ಎರಡು ಸಂಗತಿಗಳನ್ನು ಯಾವ ಅಧ್ಯಾಯದಲ್ಲಿ ಸೇರಿಸುತ್ತಾರೆ?

ಕ್ಷಮಿಸಿ. ಪ್ರಬಂಧದಲ್ಲಿ ವಸ್ತುನಿಷ್ಠತೆ ಕಾಪಾಡಬೇಕೆಂದು ಸುತ್ತೋಲೆಯಿದೆ.

ಪರಿಶಿಷ್ಟ: ವಕ್ತೃ-3 ಅವರೊಂದಿಗಿನ ಸಂದರ್ಶನದ ಉಳಿದ ಭಾಗ

ಸೀಗೆಕಾಯಿ ಹಿಡಿಸಿ ತೆಗೆದ ಅವರ ಫೋಟೊ ಸಂಕಿರಣದ ಪರದೆಯ ಮೇಲೆ ಬಂದಿತ್ತು ಎಂದು ತಿಳಿಸಲಾಯಿತು.

“ಹೌದಾ? ಸೀಗೆ ನಂದಲ್ಲ, ಅವರೇ ತಂದಿದ್ರು. ಊಟಕ್ಕೆ ಎಂತ ಮಾಡಿದ್ರು?”

ಅವರ ಅತ್ತೆಯ ತಲೆ ಬೋಳಿಸಿದ್ದರಂತೆ. ತಮ್ಮ ಗಂಡ ತೀರಿಕೊಂಡಾಗ ಆ ಮಾತು ಬಂದಿತ್ತೇ ಎಂದು ಕೇಳಲಾಯಿತು.

“ಅಷ್ಟೊತ್ತಿಗೆ ಆ ಕಾಲ ಹೋಗಿತ್ತು. ಆದ್ರೂ ಒಬ್ಬ ಭಾವ ಬಾಯಿ ತೆಗೆದ. ಅತ್ತೆಗೆ ಕಣ್ಣು ಕಾಣ್ತಿರಲಿಲ್ಲ, ಕಿವಿ ಕೇಳ್ತಿತ್ತು. ಮೂಲೆಯಿಂದ ಎದ್ದು ಬಂದು ನನ್ನ ತುರುಬು ಗಟ್ಟಿಯಾಗಿ ಹಿಡ್ಕೊಂಡು ನಿಂತ್ರು, ಭಾವ ಹೊರಗೆ ಹೋಗುವವರೆಗೂ. ನೋಯ್ತಿತ್ತು. ನಾನು ಬಿಡಿ ಅನ್ನಲಿಲ್ಲ.”

ಸಂದರ್ಶಕನಿಗೆ ಮುಂದಿನ ಪ್ರಶ್ನೆ ತೋಚಲಿಲ್ಲ. ಅಷ್ಟರಲ್ಲಿ ವಕ್ತೃವೇ ಮುಂದುವರಿಸಿದರು. ಮುಂದಿನ ಸಲ ಬರುವಾಗ ಶಿಕಾರಿಪುರದಿಂದ ಕೂದಲಿನ ಬಣ್ಣದ ಎರಡು ಪೊಟ್ಟಣ ತರಬೇಕು, ದುಡ್ಡು ಈಗಲೇ ಇಸಿದುಕೊಂಡು ಹೋಗಬೇಕು ಎಂದರು. ಈ ವಯಸ್ಸಿನಲ್ಲಿ ಯಾರು ನೋಡಬೇಕು ಅಜ್ಜಿ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಪೊಟ್ಟಣದ ಮೇಲಿನ ಹುಡುಗಿಯ ಕೂದಲು ನೋಡಿ ತರಬೇಕಂತೆ. ಕಪ್ಪು ಬೇಡ, ಕಪ್ಪು ಎಲ್ಲರೂ ಹಚ್ಚುತ್ತಾರೆ, ಬ್ರೌನು. ಅಮೋನಿಯ ಇಲ್ಲದ್ದು ಎಂದು ಕೇಳಿ ತಗೋ ಎಂದು ಜಗುಲಿಯಿಂದ ಇಳಿದ ಮೇಲೆ ಮತ್ತೊಮ್ಮೆ ಕೂಗಿ ಹೇಳಿದರು.