ಬಾಕಿದಾರರು

(ರಾಬರ್ಟ್‌ಸನ್‌ಪೇಟೆಯ ವಕೀಲರ ಕಚೇರಿ. ಕೋಲಾರದ ಚಿನ್ನದ ಗಣಿಯಲ್ಲಿ ದುಡಿದು ಮನೆ ಸೇರಿದ ಹಿರಿಯರೊಬ್ಬರು ಏದುಸಿರು ಬಿಡುತ್ತಾ ಬರುತ್ತಾರೆ.)

ಯಜಮಾನ: ನನ್ನ ಬಂಗಾರಪೇಟೆ ಮನೆಯ ಬಾಡಿಗೆದಾರ 8 ತಿಂಗಳಿಂದ ಬಾಡಿಗೆ ಕೊಟ್ಟಿಲ್ಲ ವಕೀಲರೇ. ಕೇಳೋಕೆ ಹೋದ್ರೆ ಒಂದು ಪ್ಲೇಟ್ ಪಾನಿಪುರಿ ಕೊಟ್ಟು ಕಳಿಸ್ತಾನೆ.

ವಕೀಲ: ತಿಂದ್ರಾ?

ಯಜಮಾನ: ತಿನ್ನದೆ? ಬಂಗಾರಪೇಟೆ ಪಾನಿಪುರಿ ಸ್ವಾಮಿ! ನೋಡಿದ್ರೆ ನಲ್ಲಿ ನೀರು, ಕುಡಿದ್ರೆ ನೆತ್ತಿಗೇರುತ್ತೆ. ಅವನ ಮಾತೂ ಹಂಗೇ. ಇವತ್ತೇ ಕರೆಂಟ್ ಕಿತ್ತು ಬೀಗ ಜಡಿದುಬಿಡ್ಲಾ?

ವಕೀಲ: ಜಡಿದ್ರೆ ಅವನೇ ನಿಮ್ಮ ಮೇಲೆ ಕೇಸು ಹಾಕ್ತಾನೆ. ಬಾಡಿಗೆ ಎಷ್ಟು?

ಯಜಮಾನ: 6,000.

ವಕೀಲ: ಮಿತಿ ದಾಟಿತು. 1999ರ ಬಾಡಿಗೆ ಕಾಯ್ದೆ ಬರಲ್ಲ. ಕರಾರು ಪತ್ರ?

ಯಜಮಾನ: ಬಾಯಿಮಾತು.

ವಕೀಲ: ಹಾಗಾದ್ರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ, ಕಲಂ 106. 15 ದಿನದ ನೋಟಿಸ್, ಆಮೇಲೆ ದಾವೆ. ನಿಮ್ಮ ವಿಳಾಸ ಹೇಳಿ.

ಯಜಮಾನ: ಚಾಂಪಿಯನ್ ರೀಫ್ಸ್, ಕಂಪನಿ ಕ್ವಾರ್ಟರ್ಸು.

ವಕೀಲ: ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಆ ಕ್ವಾರ್ಟರ್ಸಿಗೆ ನೀವು ಕೊನೇ ಸಲ ಬಾಡಿಗೆ ಕಟ್ಟಿದ್ದು?

ಯಜಮಾನ: ಮೊದಲು ಕಂಪನಿ ನನ್ನ ಬಾಕಿ ಕೊಡ್ಲಿ! ಸೋರೋ ತಗಡು ಬದಲಾಯಿಸಿದೋನು ನಾನು, ಗೋಡೆ ಕಟ್ಟಿಸಿದೋನು ನಾನು. ಮನೆ ನಮ್ಮ ಹೆಸರಿಗೇ ಬರ್ಬೇಕು!

ವಕೀಲ: ಸರಿ. ನಿಮ್ಮ ಬಾಡಿಗೆದಾರ ಏನಂತಾನೆ?

ಯಜಮಾನ: ಸೋರೋ ಸಂಪು ನಾನೇ ರಿಪೇರಿ ಮಾಡಿಸ್ದೆ, ಅದಕ್ಕೇ ಬಾಡಿಗೆ ಹಿಡ್ಕೊಂಡೆ ಅಂತಾನೆ, ಕಳ್ಳ!

ವಕೀಲ: (ಕೆಮ್ಮಿ) ನೋಟಿಸಿನ ಫೀಸು?

ಯಜಮಾನ: ಅವನು ಬಾಡಿಗೆ ಕೊಟ್ಟ ದಿನವೇ!

(ಓದುಗರ ಗಮನಕ್ಕೆ: ನೋಟಿಸು ಇನ್ನೂ ಟೈಪಾಗಿಲ್ಲ.)