ತೂಕ ಇಳಿಯಲಿಲ್ಲ, ಸ್ಕೋರು ಇಳಿಯಿತು

ದಿನಾ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಫೋನು ಮಾಡುವ ವಸೂಲಿ ಮಹಾಶಯರೇ,

ಈಗಷ್ಟೇ ಬ್ಯಾಂಕಿನಿಂದ ಬಂದೆ. ಅರ್ಧ ದಿನ ರಜೆ ಹಾಕಿ, 43ನೇ ಟೋಕನ್ ಹಿಡಿದು, ಅಲ್ಲಾಡುವ ಕುರ್ಚಿಯ ಮೇಲೆ ಎರಡೂವರೆ ಗಂಟೆ ಕೂತಿದ್ದೆ. ಮಗಳ ಇಂಜಿನಿಯರಿಂಗ್ ಸಾಲಕ್ಕೆ ಅಪ್ಪನ ಸಹಿಯೂ ಬೇಕು, ಅಪ್ಪನ ಸಿಬಿಲ್ ಸ್ಕೋರೂ ಬೇಕು. ಮ್ಯಾನೇಜರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. 612. ಹೋದ ವರ್ಷ 781 ಇತ್ತು. "ಏನ್ ಸಾರ್, ಬಿಸಿನೆಸ್‌ನಲ್ಲಿ ಲಾಸಾ?" ಅಂದರು. "ಇಲ್ಲ ಸಾರ್, ಜಿಮ್ಮಿಗೆ ಸೇರಿದ್ದೆ" ಅಂದೆ.

ಡಾಕ್ಟರು ತೂಕ ಇಳಿಸಿ ಅಂದಿದ್ದರು. ಮನೆ ಹತ್ತಿರದ ಜಿಮ್ಮಿನಲ್ಲಿ ವರ್ಷಕ್ಕೆ 24,000. "ತಿಂಗಳಿಗೆ ಎರಡೇ ಸಾವಿರ ಅಂಕಲ್, ಬಡ್ಡಿ ಇಲ್ಲ" ಅಂದ ಹುಡುಗ ನನ್ನ ಫೋನಿಗೆ ಬಂದ ಒಟಿಪಿಯನ್ನೂ ತಾನೇ ಒತ್ತಿಕೊಂಡ. ನಾನು ಮೆಂಬರ್‌ಶಿಪ್ ಅಂದುಕೊಂಡೆ, ಅದು ಫೈನಾನ್ಸ್ ಕಂಪನಿಯ ಸಾಲವಂತೆ. ದುಡ್ಡು ಜಿಮ್ಮಿಗೆ, ಕಂತು ನನ್ನ ಕೊರಳಿಗೆ. ಐದನೇ ತಿಂಗಳು ಒಂದು ಬೆಳಿಗ್ಗೆ ಟವೆಲು ಹೆಗಲಿಗೆ ಹಾಕಿಕೊಂಡು ಹೋದರೆ ಶಟರ್ ಎಳೆದಿತ್ತು. ಈಗ ಅಲ್ಲಿ ದೊನ್ನೆ ಬಿರಿಯಾನಿ ಹೋಟೆಲು. ಟ್ರೆಡ್‌ಮಿಲ್ ಇದ್ದ ಜಾಗದಲ್ಲೇ ಹಂಡೆ.

ಕಂತು ನಿಲ್ಲಿಸಿದೆ. ಬಿರಿಯಾನಿಗೆ ನಾನ್ಯಾಕೆ ಕಟ್ಟಲಿ? ಉಳಿದ ಏಳು ಕಂತಿನ 14,000, ದಂಡ ಸೇರಿ ಇವತ್ತು ನಿಮ್ಮ ಬಾಯಲ್ಲಿ 21,640. ಮ್ಯಾನೇಜರು ಹೇಳಿದರು: "ನಿಮ್ಮ ಜಗಳ ಜಿಮ್ ಜೊತೆ, ಸಾಲ ಫೈನಾನ್ಸ್ ಜೊತೆ. ಶಟರ್ ಬಿದ್ದ ದಿನವೇ ಅವರಿಗೆ ಮೇಲ್ ಹಾಕಬೇಕಿತ್ತು." ಈ ಜ್ಞಾನಕ್ಕೂ ಟೋಕನ್ ತಗೊಳ್ಳಬೇಕೆಂದು ನನಗೆ ಗೊತ್ತಿರಲಿಲ್ಲ.

ತಡವಾಗಿಯಾದರೂ ಮೇಲ್ ಹಾಕಿದ್ದೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೆ. ಸಿಬಿಲ್‌ಗೆ ತಕರಾರು ಹಾಕಿದ್ದೆ. ಸಿಬಿಲ್‌ನವರು ಫೈನಾನ್ಸ್‌ನವರನ್ನು ಕೇಳಿದರು, ಅವರು "ಸರಿಯಾಗೇ ಇದೆ" ಅಂದರು, ಇವರು ನನಗೆ "ಸರಿಯಾಗೇ ಇದೆಯಂತೆ" ಅಂದರು. ಇಷ್ಟು ಜನರಲ್ಲಿ ಆ ಶಟರ್ ನೋಡಿದವನು ನಾನೊಬ್ಬನೇ.

ಮೊನ್ನೆ ನಿಮ್ಮ ಕಡೆಯ ಹುಡುಗಿ "9,000 ಕೊಟ್ಟು ಸೆಟಲ್ ಮಾಡ್ಕೊಳಿ ಸಾರ್" ಅಂದಳು. ರಿಪೋರ್ಟಿನಲ್ಲಿ "ಸೆಟಲ್ಡ್" ಅಂತ ಬಿದ್ದರೆ, ಪೂರ್ತಿ ಕಟ್ಟಲಾಗದೆ ಕೈ ಎತ್ತಿದವನು ಅಂತ ಮುಂದಿನ ಬ್ಯಾಂಕು ಓದಿಕೊಳ್ಳುತ್ತದೆ. ಅದನ್ನು ಮಾತ್ರ ಅವಳು ಹೇಳಲಿಲ್ಲ. ನನಗೆ "ಕ್ಲೋಸ್ಡ್" ಬೇಕು, ಬರಹದಲ್ಲಿ ಬೇಕು.

ತಮಾಷೆಯಾಗೇ ಮುಗಿಸೋಣ ಅಂತಿದ್ದೆ. ಆದರೆ ಭಾನುವಾರದ್ದು ಗಂಟಲಿಂದ ಇಳಿಯುತ್ತಿಲ್ಲ.

ಜಿಮ್ಮಿನ ಫಾರಮ್ಮಿನಲ್ಲಿ ತುರ್ತಿಗೆ ಅಂತ ಎರಡು ನಂಬರು ಕೇಳಿದ್ದರು. ಟ್ರೆಡ್‌ಮಿಲ್ ಮೇಲಿಂದ ಬಿದ್ದರೆ ಇರಲಿ ಅಂತ ಹೆಂಡತಿಯದೂ ಅವ್ವನದೂ ಬರೆದಿದ್ದೆ. ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ, ಅಟ್ಟದಿಂದ ಇಳಿಸಿದ ಕೊಬ್ಬರಿ ಆರಿಸುತ್ತ ಕೂತಿದ್ದ ಎಪ್ಪತ್ತಾರರ ಮುದುಕಿಗೆ ರಾತ್ರಿ ಎಂಟೂವರೆಗೆ ನಿಮ್ಮ ಫೋನು: "ನಿಮ್ಮ ಮಗ ಸಾಲ ಎತ್ತಿ ಪರಾರಿ, ಪೊಲೀಸ್ ಬರ್ತಾರೆ." ಪರಾರಿಯಾದದ್ದು ಜಿಮ್ಮು ಕಣ್ರೀ. ಜಿಮ್ಮಿನವನನ್ನು ಹುಡುಕಲು ಕೈಲಾಗದವರಿಗೆ ನಮ್ಮವ್ವ ಸಿಕ್ಕಳಾ? ಸಂಜೆ ಏಳರ ಮೇಲೆ ಫೋನು ಮಾಡಬಾರದು, ಹೆದರಿಸಬಾರದು, ಮನೆಯವರನ್ನು ಕಾಡಬಾರದು ಅಂತ ರಿಸರ್ವ್ ಬ್ಯಾಂಕು 2022ರಲ್ಲೇ ಹೇಳಿದೆ. ಅವ್ವ ನನ್ನನ್ನು ಒಂದು ಮಾತೂ ಬೈಯಲಿಲ್ಲ. "ಎಷ್ಟಪ್ಪಾ? ಕೊಬ್ಬರಿ ನಾಳೆನೇ ಮಂಡಿಗೆ ಹಾಕ್ಬಿಡ್ಲಾ?" ಅಂದಳು.

ಥೂ.

ಹೊಸ ತಕರಾರು ಇವತ್ತು ಹಾಕಿದ್ದೇನೆ. ಶಟರ್ ಫೋಟೊ, ಹಂಡೆ ಫೋಟೊ, ನಿಮ್ಮ ಕರೆಯ ಸಮಯ ಎಲ್ಲ ಸೇರಿಸಿ. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ಅಲ್ಲಿಂದಾಚೆ ದಿನಕ್ಕೆ 100 ರೂಪಾಯಿ ಪರಿಹಾರ ನನಗೆ ಬರಬೇಕು, ಅದೂ ರಿಸರ್ವ್ ಬ್ಯಾಂಕಿನದೇ ನಿಯಮ. ಒಂಬುಡ್ಸ್‌ಮನ್‌ಗೆ ದೂರು ಕೊಡುವುದಂತೂ ಪುಕ್ಕಟೆ. 31ನೇ ದಿನದಿಂದ ವಸೂಲಿ ನನ್ನದು. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಫೋನು ಮಾಡುತ್ತೇನೆ, ಎತ್ತಿ.

ಅದಕ್ಕೂ ಮೊದಲು ಅವ್ವನ ನಂಬರು ಅಳಿಸಿ.

ಇಂತಿ,
ತೂಕ 89, ಸ್ಕೋರು 612

ವಿ.ಸೂ.: ಬಿರಿಯಾನಿ ಚೆನ್ನಾಗಿದೆ. ದುಡ್ಡು ಕೊಟ್ಟೇ ತಿಂದೆ. ಒಟಿಪಿ ಕೇಳಲಿಲ್ಲ.